ಮೊದಲ ಸಹಿ ಯಾರದು

ದಹ್ಬಿಯಾ ನಮ್ಮ ಗಣಿ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ನೆಲ ಒರೆಸಿದವಳು. ಅಲ್ಲಿ ಹೆರಿಗೆ ಕೋಣೆಯಿತ್ತು, ಮಂಚವಿತ್ತು, ಹೆರಿಗೆ ಡಾಕ್ಟರು ಮಾತ್ರ ಇರಲಿಲ್ಲ. ತೊಡಕಾದರೆ ಬಸುರಿಯನ್ನು ವ್ಯಾನಿಗೆ ಹಾಕಿ ಎಪ್ಪತ್ತು ಕಿಲೋಮೀಟರು ದೂರದ ಜಿಲ್ಲಾ ಪಟ್ಟಣ ಗಫ್ಸಾಕ್ಕೆ ಓಡಿಸಬೇಕು. ಅವಳ ಒಬ್ಬಳೇ ಮಗಳು ಸಲೂಹಾ ಆಗ ಎಂಟು ತಿಂಗಳ ಬಸುರಿ.

ಡಾಕ್ಟರು ಬೇಕೆಂದು ಫಾಸ್ಫೇಟ್ ರೈಲಿನ ಹಳಿಯ ಮೇಲೆ ಟೆಂಟು ಹಾಕಿ ಕೂತಿದ್ದೆವು. ಟೆಂಟು ಒಂದು, ಗುಂಪು ಎರಡು. ನಾನು ಕಾರ್ಮಿಕ ಸಂಘದವನು. ಆಸ್ಪತ್ರೆ ಸರ್ಕಾರದ ಹೊಣೆ ಅನ್ನುವವನು. ತಿಜಾನಿ ಮಸೀದಿ ಕಡೆಯವನು. ಸರ್ಕಾರವನ್ನು ನಂಬಿ ಕೆಟ್ಟೆವು ಅನ್ನುವವನು.

“ಸರ್ಕಾರ ಕಣ್ಬಿಡೋದ್ರೊಳಗೆ ನಿನ್ ಮೊಮ್ಮಕ್ಕಳ ಹಲ್ಲೂ ಉದುರಿರ್ತವೆ ಲಮೀನ್. ಚಂದಾ ಎತ್ತಿ ನಾವೇ ಡಾಕ್ಟ್ರನ್ನ ಇಡೋಣ,” ಅಂದ ತಿಜಾನಿ.

“ಚಂದಾ ಯಾಕೆ? ಗಡ್ಡ ಬಿಟ್ಟಿದ್ದೀಯಲ್ಲ, ನೀನೇ ಹೆರಿಗೆ ಮಾಡ್ಸು,” ಅಂದೆ.

ಕೆಲಸ ಮುಗಿಸಿ ಚಹಾ ತಂದಿದ್ದ ದಹ್ಬಿಯಾ ಕೆಟಲನ್ನು ಕುಕ್ಕಿದಳು. “ಸಂಬಳ ಯಾರಪ್ಪ ಕೊಡ್ತಾನೆ ಅನ್ನೋದು ಆಮೇಲೆ. ಊರಲ್ಲಿ ಹೆರಿಗೆ ಡಾಕ್ಟ್ರು ಇರ್ಬೇಕೋ ಬೇಡ್ವೋ? ತಿಜಾನಿ, ನೀ ಹೇಳು.”

“ಇರ್ಬೇಕು ಚಿಕ್ಕಮ್ಮ.”

“ಲಮೀನ್, ನೀನು?”

“ಇರ್ಬೇಕು.”

“ಹಂಗಾದ್ರೆ ಮನವೀಲಿ ಅಷ್ಟೇ ಬರೀರಿ. ಒಂದು ಮಾತು ಜಾಸ್ತಿ ಬರೆದ್ರೆ ಚಹಾ ಇಲ್ಲ.”

ಹತ್ತು ವರ್ಷದಲ್ಲಿ ಎರಡು ಗುಂಪೂ ಒಪ್ಪಿದ ಮೊದಲ ಸಾಲು ಅದು.

ಬುಧವಾರ ಹತ್ತು ಗಂಟೆಗೆ ಗವರ್ನರು ಪುರಸಭೆಗೆ ಬರುವವರಿದ್ದರು. ಸಾಲು ಸಿದ್ಧವಿತ್ತು. ಮೇಲೆ ಯಾರ ಸಹಿ ಅನ್ನುವುದಕ್ಕೆ ಜಗಳ ಹತ್ತಿತು. ಲಾಠಿ ಏಟು ತಿಂದವರು ನಾವು ಅಂದೆ. ಜೈಲಲ್ಲಿ ಕೊಳೆತವರು ನಾವು ಅಂದ ತಿಜಾನಿ. ಎರಡೂ ನಿಜ. ಯಾರದ್ದಾದರೂ ಹಾಕಿ ಎಂದು ದಹ್ಬಿಯಾ ಕೈಮುಗಿಯುವುದೊಂದು ಬಾಕಿ. ಹನ್ನೆರಡಕ್ಕೆ ಗವರ್ನರ ಕಾರು ಧೂಳೆಬ್ಬಿಸಿ ಹೋಯಿತು. ಕಾಗದ ನನ್ನ ಮುಷ್ಟಿಯಲ್ಲೇ ಇತ್ತು.

ಅದಾಗಿ ಹನ್ನೊಂದು ದಿನಕ್ಕೆ ಸಲೂಹಾಳಿಗೆ ರಕ್ತ ಹೋಗತೊಡಗಿತು. ಮಧ್ಯಾಹ್ನ ವ್ಯಾನು ಹೊರಟಿತು. ಅರ್ಧ ದಾರಿಯಲ್ಲಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಸತ್ತಳು. ಮಗುವೂ ಉಳಿಯಲಿಲ್ಲ.

ಸಾವಿನ ಮೂರನೆಯ ದಿನದ ಊಟಕ್ಕೆ ದಹ್ಬಿಯಾಳ ಮನೆಯಲ್ಲಿ ಮರದ ದೊಡ್ಡ ಬೋಗುಣಿಯಲ್ಲಿ ಗೋಧಿ ರವೆಯ ಕುಸ್ಕುಸ್ ಇಟ್ಟು ಸುತ್ತ ಕೂರಿಸಿದರು. ನನ್ನೆದುರು ತಿಜಾನಿ. ನಮ್ಮಲ್ಲಿ ಎಲ್ಲರಿಗೂ ಒಂದೇ ಬೋಗುಣಿ. ತಮ್ಮ ತಮ್ಮ ಮುಂದಿನದನ್ನು ತಿನ್ನುವುದು. ದಹ್ಬಿಯಾ ದೊಡ್ಡದೊಂದು ಕಾಗದ ತಂದಳು.

“ಈ ಬೋಗುಣಿಗೆ ಮೇಲ್ಗಡೆ ಯಾವುದು, ಕೆಳಗಡೆ ಯಾವುದು?” ಅಂದಳು.

ಕಾಗದದ ನಡುವೆ ಆ ಒಂದೇ ಸಾಲು ಬರೆಸಿದಳು. “ಈಗ ಕೂತಂಗೇ, ಸುತ್ತ ಸಹಿ ಹಾಕಿ.”

ಸುತ್ತ ಹಾಕಿದೆವು. “ನೀನೂ ಹಾಕು ಚಿಕ್ಕಮ್ಮ,” ಅಂದ ತಿಜಾನಿ.

“ನನಗ್ಯಾಕೋ ಇನ್ನು? ನಿಮ್ಮ ಸೊಸೇರಿಗೆ ಬೇಕು.”

ನಾನೂ ತಿಜಾನಿಯೂ ಒಂದೇ ಬಸ್ಸಿನಲ್ಲಿ ಗಫ್ಸಾಕ್ಕೆ ಹೋಗಿ ಗವರ್ನರ ಕಚೇರಿಗೆ ಕೊಟ್ಟೆವು. ಎಂಟು ತಿಂಗಳಿಗೆ ಹೆರಿಗೆ ಡಾಕ್ಟರಮ್ಮ ಬಂದಳು. ದಹ್ಬಿಯಾ ಹೆರಿಗೆ ಕೋಣೆಯನ್ನು ಎರಡು ಸಲ ತೊಳೆದು, ಕೀಲಿಕೈ ಅವಳಿಗೆ ಕೊಟ್ಟು, ಇನ್ನು ಆ ಕೋಣೆ ಬೇರೆಯವರು ಒರೆಸಲಿ ಎಂದು ಹೇಳಿ ಮನೆಗೆ ನಡೆದಳು.