ಬಿಗಿ ಮಾಸ್ಟರ್ ಮುಚ್ಚಿಟ್ಟ ಲಾಕ್‌ಗಳು

ನಮ್ಮ ಭಾವನವರಿಗೆ ತಲೆಯ ಮೇಲೆ ಎರಡು ಕೊಂಬಿವೆ, ಕಾಣುವುದಿಲ್ಲ ಅಷ್ಟೆ. ಅಕ್ಕನ ಗಂಡ ಅಂತ ಬಹುವಚನ ಕೊಡುತ್ತಿದ್ದೇನೆ. ಬೇರೆ ಕಾರಣ ಹುಡುಕಿದರೂ ಸಿಗುವುದಿಲ್ಲ. ಕಾರಿನ ಸೀಟಿಗೆ ಕವರು ಮಾಡುವ ಅಂಗಡಿ ಅವರದು. ಅಳತೆ, ಕತ್ತರಿ, ಜಂಬ ಅವರ ಪಾಲು. ಹೊಲಿಗೆ ಅವರ ನಾದಿನಿಯಾದ ನನ್ನ ಪಾಲು. ಬೀದಿಯವರೆಲ್ಲ ಅವರನ್ನು ಬಿಗಿ ಮಾಸ್ಟರ್ ಎನ್ನುತ್ತಾರೆ. ತಮ್ಮ ಕವರಿನಲ್ಲಿ ಯಾರಾದರೂ ಒಂದು ಸುಕ್ಕು ತೋರಿಸಿದರೆ ಮೀಸೆ ಬೋಳಿಸಿಕೊಳ್ಳುತ್ತಾರಂತೆ. ಮೀಸೆ ಇನ್ನೂ ಹಾಗೇ ಇದೆ, ನಮ್ಮ ಕರ್ಮ.

ಆ ನುಣುಪಿನ ಗುಟ್ಟು ನನಗೆ ಗೊತ್ತು. ಹಿಂದಿನ ಸೀಟಿನಲ್ಲಿ ಬೆಲ್ಟ್ ಸಿಕ್ಕಿಸುವ ಲಾಕ್‌ಗಳಿರುತ್ತವಲ್ಲ, ಅವು ತಲೆ ಎತ್ತಿಕೊಂಡಿದ್ದರೆ ಕವರು ಸಮನಾಗಿ ಕೂರುವುದಿಲ್ಲ. ಒಂದೊಂದಕ್ಕೂ ಸೀಳು ಬಿಟ್ಟು ಅಂಚು ಹೊಲಿಯುತ್ತ ಕೂತರೆ ಹೊತ್ತು ಹಿಡಿಯುತ್ತದೆ. ಭಾವನವರು ಲಾಕ್‌ಗಳನ್ನು ಸೀಟಿನ ಸಂದಿಗೆ ತುರುಕಿ ಮೇಲೆ ಕವರು ಎಳೆದುಬಿಡುತ್ತಾರೆ. ಹಿಂದೆ ಕೂತವರು ಯಾರು ಬೆಲ್ಟ್ ಹಾಕುತ್ತಾರೆ ಎಂದು ಅವರ ವಾದ. ಗಿರಾಕಿಗಳು ಸೀಟಿನ ಮೇಲೆ ಕೈಯಾಡಿಸಿ, ಬಾಯಿ ತುಂಬ ಹೊಗಳಿ ಹೋಗುತ್ತಾರೆ.

ಅಕ್ಕನ ಮಗಳಿಗೆ ಕೆಲಸ ಸಿಕ್ಕಿತು. ಅವಳ ಎರಡು ವರ್ಷದ ಪುಟ್ಟಿಯನ್ನು ಸೋಮವಾರದಿಂದ ದಿನಾ ಮಕ್ಕಳನ್ನು ನೋಡಿಕೊಳ್ಳುವ ಕಡೆ ಬಿಡಬೇಕಿತ್ತು, ಭಾವನವರ ಕಾರಿನಲ್ಲಿ. ಅವಳು ಮಗುವಿಗೆಂದು ಬೇರೆ ಸೀಟು ತಂದಳು. ಅದನ್ನು ಕಾರಿನ ಬೆಲ್ಟಿನಿಂದಲೇ ಬಿಗಿಯಬೇಕು. ಬೆಲ್ಟ್ ಇತ್ತು, ಲಾಕ್ ಇರಲಿಲ್ಲ. ಕವರಿನ ಮೇಲೆ ಬೆರಳೊತ್ತಿ ಒತ್ತಿ, ಒಳಗೆ ಗಟ್ಟಿಯಾಗಿ ಸಿಕ್ಕಿದ ಕಡೆ ಕುಯ್ದುಕೊಡಿ ಎಂದು ಅಪ್ಪನನ್ನು ಕೇಳಿದಳು.

"ಕುಯ್ಯೋದಾ? ಅಂಗಡಿ ಮುಂದೆ ನಿಲ್ಲೋ ಕಾರಮ್ಮ ಇದು, ಇದನ್ನ ನೋಡೇ ಜನ ಒಳಗೆ ಬರೋದು," ಎಂದರು ಭಾವ. "ಕಾರು ನೀನು ಓಡ್ಸು, ಪುಟ್ಟಿ ನನ್ನ ತೊಡೆ ಮೇಲೆ ಕೂತ್ಕೋತಾಳೆ. ಈ ಕೈಗಿಂತ ಗಟ್ಟಿ ಬೆಲ್ಟ್ ಯಾವ್ದಿದೆ?"

ಗಂಡನ ಮಾತಿಗೆ ಹೂಂಗುಟ್ಟುವುದೇ ಉದ್ಯೋಗವಾದ ನಮ್ಮಕ್ಕ, ನಿನ್ನನ್ನೂ ಹಾಗೇ ಬೆಳೆಸಿದ್ದು, ನಿನಗೇನಾಯಿತು ಎಂದಳು. ಮಗಳು ಜಗಳಕ್ಕೆ ಇಳಿಯಲಿಲ್ಲ. ಲಾಕ್ ಹೊರಗೆ ಬರದಿದ್ದರೆ ಮಗು ಆ ಕಾರು ಹತ್ತುವುದಿಲ್ಲ, ತಾನು ಕೆಲಸಕ್ಕೆ ಹೋಗುವುದೂ ಇಲ್ಲ ಎಂದಳು. ಭಾವ ಅದನ್ನು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. ಕವರಿನ ಚೆಂದಕ್ಕೆ ಮೊಮ್ಮಗಳನ್ನು ಪಣಕ್ಕಿಡುವ ಇಂಥ ಮನುಷ್ಯನ ಕಾಲಿಗೆ ನಾನು ಹಬ್ಬಹುಣ್ಣಿಮೆಗೆ ನಮಸ್ಕಾರ ಬೇರೆ ಮಾಡುತ್ತೇನೆ.

ಶನಿವಾರ ನನ್ನ ಚಿಕ್ಕ ಹೊಲಿಗೆ ಮಷಿನ್ ಕೆಟ್ಟಿತು. ಅದರ ಮೇಲ್ಭಾಗವನ್ನು ಬಿಚ್ಚಿ ರಿಪೇರಿಗೆ ಹೊರಟೆವು. ಮಗಳು ಕಾರು ಓಡಿಸುತ್ತಿದ್ದಳು, ಹಿಂದೆ ನಾನು. ಸೀಟಿಗೆ ಎಣ್ಣೆ ಹತ್ತೀತೆಂದು ಭಾವ ಮಷಿನ್ನನ್ನು ಹಿಂದೆ ಇಡಗೊಡದೆ, ಮುಂದಿನ ಸೀಟಿನಲ್ಲಿ ತಮ್ಮ ತೊಡೆಯ ಮೇಲೇ ಇಟ್ಟುಕೊಂಡರು. ವೃತ್ತದಲ್ಲಿ ಪೊಲೀಸರಿರುತ್ತಾರಲ್ಲ, ತಾವು ಮಾತ್ರ ಅಚ್ಚುಕಟ್ಟಾಗಿ ಬೆಲ್ಟ್ ಹಾಕಿಕೊಂಡಿದ್ದರು.

"ಹನ್ನೆರಡು ಕೆಜಿ ಇದೆ, ಪುಟ್ಟಿಯಷ್ಟೇ," ಎಂದು ಮಗಳಿಗೆ ತೋರಿಸಿದರು. "ನೋಡು, ಹೆಂಗೆ ಹಿಡ್ಕೊಂಡಿದೀನಿ."

ತಿರುವಿನಲ್ಲಿ ನಾಯಿಯೊಂದು ಅಡ್ಡ ಬಂತು. ನಾವೇನು ಹಾರಿಕೊಂಡು ಹೋಗುತ್ತಿರಲಿಲ್ಲ, ಆಗಷ್ಟೇ ಒಬ್ಬ ಸೈಕಲ್ಲಿನವನು ನಮ್ಮನ್ನು ಹಿಂದೆ ಹಾಕಿದ್ದ. ಅವಳು ಬ್ರೇಕ್ ಒತ್ತಿದಳು. ಮಷಿನ್ ಭಾವನ ಕೈಯಿಂದ ಹಾರಿ, ಡ್ಯಾಶ್‌ಬೋರ್ಡಿಗೆ ಬಡಿದು, ಅದನ್ನು ಸೀಳಿ ಕೆಳಗೆ ಬಿತ್ತು. ಭಾವನ ಎರಡು ತೋಳು ಮಾತ್ರ ಇನ್ನೂ ತಬ್ಬಿಕೊಂಡಂತೆಯೇ ಇದ್ದವು. ನಡುವೆ ಏನೂ ಇರಲಿಲ್ಲ.

ಮಗಳು ಕಾರು ಪಕ್ಕಕ್ಕೆ ನಿಲ್ಲಿಸಿದಳು.

"ಅದು ಪುಟ್ಟಿ ಆಗಿದ್ರೆ, ಅಪ್ಪ?"

ಭಾವನವರು ಇಂಗು ತಿಂದ ಮಂಗನ ಹಾಗೆ ಕೂತಿದ್ದರು. ಅವತ್ತು ಸಂಜೆ ತಾವೇ ಬ್ಲೇಡು ಹಿಡಿದು ತಮ್ಮ ಕಾರಿನ ಕವರು ಕುಯ್ದು ಲಾಕ್‌ಗಳನ್ನು ಹೊರಗೆಳೆದರು. ಸೋಮವಾರ ಪುಟ್ಟಿ ತನ್ನ ಸೀಟಿನಲ್ಲಿ ಬಿಗಿಯಾಗಿ ಕೂತು, ಕಾಲು ಬಡಿಯುತ್ತ ಹೋದಳು. ಮಧ್ಯಾಹ್ನದ ಹೊತ್ತಿಗೆ ಅದು ತಮ್ಮದೇ ಬುದ್ಧಿ ಎಂದು ಭಾವ ಎದುರಂಗಡಿಯವನಿಗೆ ಹೇಳುತ್ತಿದ್ದರು. ನಾಚಿಕೆಗೂ ಇವರಿಗೂ ಆಗಿಬರುವುದಿಲ್ಲ.

ಇಷ್ಟು ವರ್ಷ ಮುಚ್ಚಿ ಕಳಿಸಿದ ಬೇರೆಯವರ ಕಾರುಗಳ ಗತಿ ಏನೆಂದು ನಾನು ಕೇಳಿದೆ.

"ಯಾರಾದ್ರೂ ಬಂದು ಕೇಳಿದಾರಾ?" ಎಂದರು.

ಮಂಗಳವಾರ ಹೊಸ ಗಿರಾಕಿ ಬಂದ, ಹೆಗಲ ಮೇಲೆ ಮಗು ಮಲಗಿತ್ತು. ಭಾವ ಅಳತೆ ಹಿಡಿದು, ಬಟ್ಟೆಗೆ ಚಾಕ್‌ಪೀಸಿನ ಗುರುತು ಹಾಕಿ ನನ್ನ ಮುಂದೆ ಎಸೆದರು. ಲಾಕ್‌ಗಳಿಗೆ ಗುರುತೇ ಇರಲಿಲ್ಲ. ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಹದಿನೈದು ವರ್ಷದಿಂದ ಗುರುತಿಲ್ಲದ ಇಂಥ ಬಟ್ಟೆಗಳನ್ನೆಲ್ಲ ಹೊಲಿದದ್ದು ಯಾರು? ಮನೆಯಲ್ಲಿ ಭಾವನಿಗೆ ಅಷ್ಟು ಮಂಗಳಾರತಿ ಮಾಡುವ ನಾನು ಅಂಗಡಿಯಲ್ಲಿ ಒಂದು ದಿನವೂ ತುಟಿ ಬಿಚ್ಚಿರಲಿಲ್ಲ.

ನಾನೇ ಚಾಕ್‌ಪೀಸ್ ತೆಗೆದುಕೊಂಡು ಮೂರು ಗುರುತು ಹಾಕಿ, ಕತ್ತರಿಸಿದೆ.

"ಸುಕ್ಕು ಬರತ್ತೆ ಕಣೇ," ಎಂದರು ಭಾವ.

ಬರಲಿ ಎಂದು ಹೇಳಿ ಅಂಚು ಹೊಲಿಯಲು ಕೂತೆ.