ಕೋಲೇ ಬೇಕೆಂದ ಕೆಂಪಾಜಮ್ಮ

ರಾಮಾಪುರದ ಹೆಂಗಸರ ತಂಡಕ್ಕೆ ಮೂವತ್ತು ವರ್ಷದಿಂದ ಕೆಂಪಾಜಮ್ಮನೇ ಮುಂದಾಳು. ಕೋಲಾಟವೆಂದರೆ ಅವಳಿಗೆ ಪ್ರಾಣ. ಚಪ್ಪಾಳೆ ತಟ್ಟಿ ಸುತ್ತುವ ಕುಮ್ಮಿಗೆ ಮಾತ್ರ ಈಚೆಗೆ ಮೂಗು ಮುರಿಯುತ್ತಿದ್ದಳು. ಬಾರದೆ ಅಲ್ಲ, ಅವಳ ತಾಯಿ ತಮಿಳು ಸೀಮೆಯವಳು, ಮಗಳಿಗೆ ನಡಿಗೆಗಿಂತ ಮೊದಲು ಕುಮ್ಮಿ ಕಲಿಸಿದ್ದಳು.

ಹನೂರಿನ ಕಾರ್ಯಕ್ರಮಕ್ಕೆ ಒಂದೇ ಕುಣಿತ ಎಂದಾಗ ತಂಡ ಎರಡು ಹೋಳಾಯಿತು. ಪದ ಹೇಳುವ ರಾಚಮ್ಮ ಕುಮ್ಮಿಗೇ ಪಟ್ಟು ಹಿಡಿದಳು. "ಕೋಲಾಟುಕ್ಕೆ ಬಗ್ಗಿ ಎದ್ದೂ ಎದ್ದೂ ಮಂಡಿ ಓಯ್ತು ಕಣಕ್ಕ. ಕುಮ್ಮಿಗೆ ಎಲ್ಡು ಕೈ ಇದ್ರೆ ಸಾಕು."

ಕೊಳ್ಳೇಗಾಲದ ಕಾಲೇಜಿನಿಂದ ಬಂದಿದ್ದ ಹುಡುಗಿಯೊಬ್ಬಳು ಯಾರಿಗೆ ಯಾವ ಕುಣಿತ ಇಷ್ಟ, ಯಾಕೆ ಇಷ್ಟ ಎಂದು ಬರೆದುಕೊಳ್ಳುತ್ತಿದ್ದಳು. ಕೆಂಪಾಜಮ್ಮನ ಎದುರಿಗೂ ಬಂದು ಕೂತಳು.

"ಕೋಲು," ಎಂದಳು ಕೆಂಪಾಜಮ್ಮ.

"ಯಾಕಜ್ಜಿ?" ಹುಡುಗಿ ಎರಡು ಸಲ ಕೇಳಬೇಕಾಯಿತು.

ಯಾಕೆ? ಕೆಂಪಾಜಮ್ಮ ತಬ್ಬಿಬ್ಬಾದಳು. "ಕೋಲ್ನಲ್ಲಿ ತಾಳ ತಪ್ಪಾಕಿಲ್ಲ ಕಣವ್ವ." ಹಾಗಾದರೆ ಕುಮ್ಮಿಯಲ್ಲಿ ತನಗೆ ಯಾಕೆ ತಪ್ಪುತ್ತದೆ? ರಾಚಮ್ಮ ಬೇಕೆಂದೇ ಪದವನ್ನು ಬಾಯೊಳಗೇ ನುಂಗುತ್ತಾಳೆ, ತನ್ನನ್ನು ಮುಂದಿನ ಜಾಗದಿಂದ ಇಳಿಸುವ ಹುನ್ನಾರ ಇದು ಎಂದು ಮೂರು ತಿಂಗಳಿಂದ ಒಳಗೊಳಗೇ ಕುದಿಯುತ್ತಿದ್ದಳು. ಆ ಜಾಗ ಹೋದರೆ ಅವಳು ಬರೀ ದನ ಮೇಯಿಸುವ ಮುದುಕಿ.

ಒಂದು ಸಲ ಕುಮ್ಮಿ ಆಡಿಯೇ ನೋಡೋಣ ಎಂದು ಶಾಲೆಯ ಅಂಗಳದಲ್ಲಿ ಸುತ್ತು ಶುರುವಾಯಿತು. ಮೊಂಡುಬಿದ್ದ ಕೆಂಪಾಜಮ್ಮ ನೆಲ ನೋಡುತ್ತಾ ತಟ್ಟಿದಳು, ಹೆಜ್ಜೆ ಹಾಕಿದಳು, ತಿರುಗಿದಳು. ಎಷ್ಟು ಚೆನ್ನಾಗಿ ಬರುತ್ತಿದೆಯಲ್ಲ ಎಂದು ಹಿಗ್ಗಿ ತಲೆಯೆತ್ತಿದರೆ, ಎಲ್ಲರೂ ನಿಂತು ಅವಳನ್ನೇ ನೋಡುತ್ತಿದ್ದರು.

"ಯಾಕ್ರೇ ನಿಲ್ಸಿದ್ರಿ?"

ರಾಚಮ್ಮನ ಬಾಯಿ ಆಡಿತು. ಮತ್ತೊಮ್ಮೆ ಆಡಿತು. ಕೊನೆಗೆ ಹತ್ತಿರ ಬಂದು ಕಿವಿಗೇ ಬಾಯಿಟ್ಟು ಕೂಗಿದಳು: "ಪದ ಮುಗ್ದು ಆಗ್ಲೇ ಒಸಿ ಒತ್ತಾಯ್ತು ಕಣಕ್ಕ!"

ಕೆಂಪಾಜಮ್ಮ ಕಣ್ಣು ಕಣ್ಣು ಬಿಟ್ಟಳು. ಮೂರು ತಿಂಗಳು ಸುಮ್ಮನೆ ಒಬ್ಬಳ ಮೇಲೆ ಹಲ್ಲು ಕಡಿದದ್ದಕ್ಕೆ ನಾಚಿಕೆಯಾಯಿತು, ಅಳುವೂ ಬಂತು.

"ಬರ್ಕೊ ಮಗಾ," ಎಂದಳು ಹುಡುಗಿಗೆ. "ಕೋಲಿಗೆ ಕೋಲು ತಾಕುದ್ರೆ ಅಂಗೈಗೆ ಗೊತ್ತಾಯ್ತದೆ. ಪದ ಕಿವಿಗ್ ಬೀಳ್ತಿಲ್ಲ. ನಂಗೇ ಗೊತ್ತಿರ್ನಿಲ್ಲ."

ಆಮೇಲೆ ಸುತ್ತಿನಿಂದ ಈಚೆ ಬಂದು, "ಮುಂದ್ಕೆ ನೀನೇ ನಿಂತ್ಕೊ ರಾಚಿ, ನಾನ್ ಬತ್ತೀನಿ ಅತ್ಲಾಗೆ," ಎಂದಳು.

ರಾಚಮ್ಮ ಅವಳ ಕೈ ಹಿಡಿದುಕೊಂಡು ಏನೋ ಹೇಳಿದಳು. ಹೂಂ ಅಂದಳೋ ಊಹೂಂ ಅಂದಳೋ, ಕೆಂಪಾಜಮ್ಮನಿಗೆ ಕೇಳಿಸಲಿಲ್ಲ.