ಅಟ್ಟ ಸೇರಿದ್ದ ಲಕ್ಷ್ಮಿ

ದಿನಕ್ಕೆರಡು ಹೊತ್ತು ದೀಪ ಹಚ್ಚುವವಳಾದರೂ ಪವಾಡದ ಮಾತು ನನಗೆ ಆಗುತ್ತಿರಲಿಲ್ಲ. ಯಾರದೋ ಮನೆಯ ಪಟದಿಂದ ವಿಭೂತಿ ಉದುರಿತಂತೆ ಎಂದು ಬೀದಿಯ ಹೆಂಗಸರೆಲ್ಲ ಓಡಿದಾಗ, ಸೊಪ್ಪು ಬಿಡಿಸುತ್ತ ಕೂತು ನಕ್ಕವಳು ನಾನು. ಹೊತ್ತಿಗೆ ಅನ್ನ, ನಲ್ಲಿಯಲ್ಲಿ ನೀರು ದೇವರು ಕೊಟ್ಟಿದ್ದಾನಲ್ಲ, ಅದಕ್ಕಿಂತ ಪವಾಡ ಬೇಕೆ ಎನ್ನುತ್ತಿದ್ದೆ.

ಎಂಬತ್ತರ ದಶಕದಲ್ಲಿ ನಾವು ವಿಜಯನಗರದಲ್ಲಿದ್ದೆವು. ನಮ್ಮ ಮಹಡಿಯ ಬಾಡಿಗೆ ಮನೆಯಲ್ಲಿ ಕೆಂಪಣ್ಣ ಎಂಬ ಚಿತ್ರಕಾರರಿದ್ದರು. ಪತ್ರಿಕೆಗಳ ಮುಖಪುಟ, ಊದುಬತ್ತಿ ಪೊಟ್ಟಣ, ಏನು ಕೇಳಿದರೂ ಬರೆದುಕೊಡುತ್ತಿದ್ದರು. ಊರಿಗೆಲ್ಲ ಅವರ ಚಿತ್ರ ಗೊತ್ತು, ಹೆಸರು ಯಾರಿಗೂ ಗೊತ್ತಿಲ್ಲ. ಒಂದು ದೀಪಾವಳಿ ಸಂಚಿಕೆಗೆ ಅವರು ಬರೆದ ಲಕ್ಷ್ಮಿಯನ್ನು ನೋಡಿ ನಾನು ಕಣ್ಣೊರೆಸಿಕೊಂಡಿದ್ದೆ. ಅದಕ್ಕೇ ಇರಬೇಕು, ಅಚ್ಚಾದ ಮೇಲೆ ಮೂಲಚಿತ್ರವನ್ನೇ ತಂದುಕೊಟ್ಟರು.

"ನಿಮ್ಮ ದೇವರ ಮನೇಲಿರ್ಲಿ ಅಮ್ಮ. ನನ್ನ ಬಣ್ಣಕ್ಕೂ ಒಂದು ಆರತಿ ಸಿಗ್ಲಿ."

ಹೂಂ ಎಂದೆ. ಮನಸ್ಸು ಒಪ್ಪಲಿಲ್ಲ. ಬಾಯಲ್ಲಿ ಬೀಡಿ ಇಟ್ಟುಕೊಂಡು, ಮೊಟ್ಟೆ ತಿಂದ ಕೈಯಲ್ಲಿ ಬರೆದದ್ದು ಮಡಿಗೆ ಬರುತ್ತದೆಯೆ? ಹಳೆ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಪತ್ರಿಕೆಯ ಮುಖಪುಟವನ್ನು ಕತ್ತರಿಸಿ, ಗಾಜು ಹಾಕಿಸಿ ಪೂಜೆಗಿಟ್ಟೆ. ಅದೂ ಅವರ ಕೈಯದೇ ಎಂದು ಹೊಳೆಯಲೇ ಇಲ್ಲ. ಯಂತ್ರದಿಂದ ಬಂದದ್ದಕ್ಕೆ ಮೈಲಿಗೆಯಿಲ್ಲ ಎಂದುಕೊಂಡೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಒಂದು ಶುಕ್ರವಾರ ಸಂಜೆ, ಕುಂಕುಮ ಕಲಸಿ ಗಾಜಿನ ಮೇಲಿಟ್ಟು ದೀಪ ಹಚ್ಚುತ್ತಿದ್ದೆ. ಕೆಂಪಣ್ಣ ಹೆಂಡತಿಯೊಂದಿಗೆ ಬಂದರು. ಊರಂಚಿನ ಉಲ್ಲಾಳದ ಕಡೆಗೆ ಮನೆ ಬದಲಿಸುತ್ತಿದ್ದರು. ಸಾಮಾನಿನ ಗಾಡಿ ಬಾಗಿಲಲ್ಲೇ ನಿಂತಿತ್ತು.

"ಹೋಗೋಕೆ ಮುಂಚೆ ನಮ್ಮ ಲಕ್ಷ್ಮೀನ ಒಂದ್ಸಲ ನೋಡ್ಬಿಡ್ತೀನಿ" ಎಂದು ಹೊಸ್ತಿಲ ಆಚೆಯಿಂದಲೇ ಬಗ್ಗಿದರು. ಕಂಡದ್ದು ಪತ್ರಿಕೆಯ ಹಾಳೆ.

"ನಾನು ಕೊಟ್ಟಿದ್ದು ಎಲ್ಲಮ್ಮ?"

"ಕಟ್ಟು ಹಾಕ್ಸೋಕೆ ಕೊಟ್ಟಿದೀನಿ" ಎಂದೆ. ಉರಿಯುವ ದೀಪದ ಮುಂದೆ ನಿಂತು ಹೇಳಿದ ಸುಳ್ಳು.

"ಹಂಗಾದ್ರೆ ಪುಣ್ಯ ಮಾಡಿದಾಳೆ ಬಿಡಿ! ಪ್ರೆಸ್‌ನೋರು ಅವಳ ತಲೆ ಮೇಲೇ ಟೀ ಲೋಟ ಇಟ್ಟಿದ್ರು" ಎಂದು ನಕ್ಕರು.

"ಇವ್ರ ದೇವ್ರಿಗೆ ಟೀನೇ ನೈವೇದ್ಯ ಕಣಮ್ಮ" ಎಂದರು ಅವರ ಹೆಂಡತಿ. ಆಕೆಗೆ ಅರಿಶಿನ ಕುಂಕುಮ ಕೊಟ್ಟು ಕಳಿಸಿದೆ.

ಅವರು ಬೆನ್ನು ತಿರುಗಿಸಿದ ಕೂಡಲೇ ತಡೆಯಲಾರದೆ ಏಣಿ ಹಾಕಿ ಗಂಟನ್ನು ಇಳಿಸಿದೆ. ಬಿಚ್ಚಿದರೆ ಲಕ್ಷ್ಮಿಯ ಹಣೆಯ ಮೇಲೆ ಕುಂಕುಮ. ಬರೆದ ಬಣ್ಣವಲ್ಲ, ಒದ್ದೆಯಾಗಿ ಬೆರಳಿಗೆ ಹತ್ತಿತು. ಸುತ್ತಿದ್ದ ಸೀರೆಗೆ ಒಂದು ಕಲೆಯೂ ಇಲ್ಲ. ದೇವರ ಮನೆಗೆ ಹೋಗಿ ನೋಡಿದೆ. ಗಾಜು ಬರಿದಾಗಿತ್ತು.

ಚಿತ್ರವನ್ನು ಎದೆಗವಚಿಕೊಂಡು ಬೀದಿಗೆ ಓಡಿದೆ, ತೋರಿಸಿ ನಿಜ ಹೇಳಿಬಿಡೋಣವೆಂದು. ಗಾಡಿ ಹೋಗಿಬಿಟ್ಟಿತ್ತು. ವಿಳಾಸವನ್ನೂ ಕೇಳಿರಲಿಲ್ಲ.

"ಯೋಚ್ನೇಲಿ ನೀನೇ ಒರೆಸಿರ್ತೀಯ ಕಣೇ" ಎಂದರು ನಮ್ಮ ಯಜಮಾನರು. ಗಾಜಿನದನ್ನು ಒರೆಸಿರಬಹುದು, ಒಪ್ಪುತ್ತೇನೆ. ಅಟ್ಟದ ಮೇಲಿನದು?

ಅಂದೇ ಆ ಚಿತ್ರ ದೇವರ ಮನೆ ಸೇರಿತು, ಇವತ್ತಿಗೂ ಅಲ್ಲೇ ಇದೆ. ಅಷ್ಟಾದರೂ ನಡೆಯಿತಲ್ಲ ಎಂದು ಕೈಮುಗಿಯುತ್ತೇನೆ. ಆದರೆ ನೋಡಬೇಕೆಂದು ಬಂದವರು ನೋಡದೆ ಹೋದರು. ಕೆಂಪಣ್ಣನವರ ಲಕ್ಷ್ಮಿಗೆ ಮೊದಲ ಕುಂಕುಮ ಇಟ್ಟವರು ಯಾರೋ ನನಗೆ ತಿಳಿಯದು. ನಾನಂತೂ ಇಟ್ಟಿರಲಿಲ್ಲ.